ಬೆನ್ನೆಲುಬು ಮತ್ತು ಸೂಜಿ: ಎರಡು ಚಿಕಿತ್ಸೆಗಳ ಸಂಯೋಗವನ್ನು ಕುರಿತು

ಬೋರಿಬಂದರಿನಿಂದ ಠಾಣೆಗೆ 1853ರಲ್ಲಿ ಓಡಿದ ಮೊದಲ ರೈಲು ಕ್ರಮಿಸಿದ ದೂರ 34 ಕಿಲೊಮೀಟರು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿ ಖಾಡಿಯ ಆಚೆ ನವಿ ಮುಂಬಯಿ ತಲೆಯೆತ್ತಿತು; 1992ರಲ್ಲಿ ವಾಶಿಗೂ ಉಪನಗರ ರೈಲು ಬಂದಿತು. ಈ ಹಳಿಗಳ ಮೇಲೆ ದಿನವೂ ನಿಂತು ಹೋಗಿ ನಿಂತು ಬರುವ ಜನದಲ್ಲಿ ನಮ್ಮವರೂ ಸಾಕಷ್ಟು ಮಂದಿ ಇದ್ದಾರೆ. ಡೊಂಬಿವಲಿಯಲ್ಲಿ ಮನೆ, ಕೋಟೆಯಲ್ಲಿ ಕಚೇರಿ ಎಂಬ ಬಾಳಿನಲ್ಲಿ ಮೊದಲು ದಣಿಯುವುದು ಕಾಲಲ್ಲ, ಸೊಂಟ. ಹೀಗಿರುವಾಗ ಠಾಣೆಯಿಂದ ಕಲ್ಯಾಣದವರೆಗಿನ ಬೀದಿಗಳಲ್ಲಿ ಕೈರೋಪ್ರಾಕ್ಟಿಕ್ ಮತ್ತು ಅಕ್ಯುಪಂಕ್ಚರ್ ಎಂಬ ಎರಡು ಹೆಸರುಗಳು ಒಂದೇ ಫಲಕದ ಮೇಲೆ ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದು ಅಮೆರಿಕದಲ್ಲಿ ಹುಟ್ಟಿದುದು, ಇನ್ನೊಂದು ಚೀನದ್ದು. ಇವೆರಡನ್ನೂ ಒಬ್ಬನೇ ಚಿಕಿತ್ಸಕನು ಕೈಗೊಳ್ಳುವ ಹಾದಿ ಯಾವುದು, ಆ ಹಾದಿಯಲ್ಲಿ ಎಷ್ಟು ದೂರ ನಡೆದವನನ್ನು ನಾವು ನಂಬಬಹುದು ಎಂಬುದೇ ಇಲ್ಲಿಯ ವಿಚಾರ.

ಕೈರೋಪ್ರಾಕ್ಟಿಕ್ ಎಂದರೆ ಗ್ರೀಕ್ ಮೂಲದಲ್ಲಿ ಕೈಯಿಂದ ಮಾಡುವ ಕೆಲಸ ಎಂದಷ್ಟೇ ಅರ್ಥ. ಅಯೋವಾ ಸಂಸ್ಥಾನದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ 1895ರಲ್ಲಿ ಡೇನಿಯಲ್ ಪಾಮರ್ ಎಂಬಾತ, ಕಿವಿ ಮಂದವಾಗಿದ್ದ ಹಾರ್ವೆ ಲಿಲ್ಲರ್ಡ್ ಎಂಬ ಕಟ್ಟಡದ ಜವಾನನ ಬೆನ್ನುಮೂಳೆಯನ್ನು ಅದುಮಿ ಸರಿಪಡಿಸಿ ಶ್ರವಣವನ್ನು ಮರಳಿಸಿದುದಾಗಿ ಹೇಳಿಕೊಂಡನು. ಪಾಮರ್ ಅದಕ್ಕೆ ಮುಂಚೆ ಅಯಸ್ಕಾಂತ ಚಿಕಿತ್ಸೆ ನಡೆಸುತ್ತಿದ್ದವನು. ಬೆನ್ನೆಲುಬಿನ ಕೀಲುಗಳು ಕಿಂಚಿತ್ ಸರಿದರೆ ನರಗಳಲ್ಲಿ ಹರಿಯುವ ಸಹಜ ಚೈತನ್ಯಕ್ಕೆ ತಡೆಯುಂಟಾಗಿ ರೋಗ ಹುಟ್ಟುವುದೆಂಬುದು ಅವನ ಮತ. ಪರವಾನಗಿಯಿಲ್ಲದೆ ವೈದ್ಯ ಮಾಡಿದುದಕ್ಕಾಗಿ 1906ರಲ್ಲಿ ಅವನು ಸೆರೆಮನೆಯನ್ನೂ ಕಂಡನು. ಅವನ ಅನುಯಾಯಿಗಳು ಬೇಗನೆ ಎರಡು ಪಂಗಡವಾದರು. ಬೆನ್ನೆಲುಬನ್ನಲ್ಲದೆ ಬೇರೇನನ್ನೂ ಮುಟ್ಟಬಾರದೆಂಬವರು ಶುದ್ಧಪಂಥದವರು. ವ್ಯಾಯಾಮ, ಆಹಾರ, ಜಲೋಪಚಾರಗಳನ್ನೂ ಬೆರೆಸಬಹುದೆಂಬವರು ಮಿಶ್ರಪಂಥದವರು. ಆದುದರಿಂದ ಬೆರಕೆಯ ಜಗಳ ಈ ವಿದ್ಯೆಯೊಡನೆಯೇ ಹುಟ್ಟಿದುದು. ಸೂಜಿ ಬಂದುದರಿಂದ ಹುಟ್ಟಿದುದಲ್ಲ.

ಸೂಜಿ ಅಮೆರಿಕದ ಮನೆಮಾತಾದುದು ಬಹಳ ತಡವಾಗಿ. ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತನು 1971ರಲ್ಲಿ ಪೀಕಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಗೆ ಒಳಗಾಗಿ, ಬಳಿಕದ ಹೊಟ್ಟೆಯ ಸಂಕಟ ಸೂಜಿಗಳಿಂದ ಶಮನವಾದುದನ್ನು ಬರೆದ ಮೇಲೆ ಅಲ್ಲಿ ಕುತೂಹಲ ಕೆರಳಿತು. ಇಂದು ಕ್ಯಾಲಿಫೋರ್ನಿಯದಲ್ಲಿ, 1911ರಲ್ಲಿ ಕೈರೋಪ್ರಾಕ್ಟಿಕ್ ಶಾಲೆಯಾಗಿ ಆರಂಭವಾದ ಒಂದು ವಿಶ್ವವಿದ್ಯಾಲಯ ಎರಡು ವಿದ್ಯೆಗಳನ್ನೂ ಕಲಿಸುತ್ತದೆ.

ನಮ್ಮ ದೇಶಕ್ಕೆ ಸೂಜಿ ಬಂದ ಹಾದಿ ಬೇರೆ, ಮತ್ತು ಹೆಚ್ಚು ಗೌರವದ್ದು. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳುಹಿಸಿತು. ಅವರಲ್ಲಿ ಸೋಲಾಪುರದ ದ್ವಾರಕಾನಾಥ ಕೋಟ್ನೀಸರು ನಮಗೆ ಪರಿಚಿತರು. ಮುಂಬಯಿಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದವರು, 1942ರ ಡಿಸೆಂಬರಿನಲ್ಲಿ ಚೀನದಲ್ಲಿಯೇ ತೀರಿಕೊಂಡವರು. ಅದೇ ತಂಡದ ಕಲ್ಕತ್ತೆಯ ಬಿಜಯ ಕುಮಾರ ಬಸು ಅವರ ಹೆಸರು ಅಷ್ಟು ಕೇಳಿಬರುವುದಿಲ್ಲ. ಅವರು ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ, ತಮ್ಮ ಹಳೆಯ ಮೂಗಿನ ಬೇನೆಗೆ ಸೂಜಿಯಿಂದ ಉಪಶಮನ ಪಡೆದು, ಆ ವಿದ್ಯೆಯನ್ನು ಕಲಿತು ಬಂದು 1959ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದರು. ಕೋಟ್ನೀಸರ ಹೆಸರಿನ ಸ್ಮಾರಕ ಸಮಿತಿಯ ಮೂಲಕ ಅದು ಬೇರೆಡೆಗಳಿಗೂ ಹಬ್ಬಿತು. ಗಮನಿಸಬೇಕಾದ ಸಂಗತಿಯೆಂದರೆ, ಬಸು ಮೊದಲು ಆಧುನಿಕ ವೈದ್ಯವನ್ನು ಪೂರ್ತಿಯಾಗಿ ಕಲಿತವರು, ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡಿದವರು. ಸೂಜಿ ಹಿಡಿದುದು ಆಮೇಲೆ. ಯಾವ ರೋಗಿಗೆ ಸೂಜಿ ಚುಚ್ಚಬಾರದೆಂಬುದು ಅವರಿಗೆ ಸೂಜಿಯ ಗ್ರಂಥದಿಂದ ತಿಳಿಯಬೇಕಾಗಿರಲಿಲ್ಲ.

ಕನ್ನಡ ನಾಡಿನಲ್ಲಿಯೂ ಇಂಥದೊಂದು ಹಾದಿ ಉಂಟು. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜಿನ ಐದೂವರೆ ವರ್ಷಗಳ ಪದವಿಯಲ್ಲಿ ಶರೀರರಚನೆ, ರೋಗನಿದಾನಗಳನ್ನು ಓದಿದ ಮೇಲೆ ಕೀಲುಗಳನ್ನು ಕೈಯಿಂದ ಸರಿಪಡಿಸುವ ಚಿಕಿತ್ಸೆಯೂ ಅಕ್ಯುಪಂಕ್ಚರೂ ಪಾಠವಾಗಿ ಬರುತ್ತವೆ. ಎರಡರಲ್ಲಿಯೂ ಪರಿಣತನೆನಿಸಲು ಇಷ್ಟು ಸಾಲದು, ನಿಜ. ವಿಶ್ವ ಆರೋಗ್ಯ ಸಂಸ್ಥೆಯು ಕೈರೋಪ್ರಾಕ್ಟಿಕ್ ಪೂರ್ಣಶಿಕ್ಷಣಕ್ಕೆ 2005ರಲ್ಲಿ 4,200 ತಾಸುಗಳನ್ನು, ವೈದ್ಯರಲ್ಲದವರ ಅಕ್ಯುಪಂಕ್ಚರ್ ಶಿಕ್ಷಣಕ್ಕೆ 1999ರಲ್ಲಿ 2,500 ತಾಸುಗಳನ್ನು ಸೂಚಿಸಿತು. ವಾರಾಂತ್ಯದ ನಾಲ್ಕಾರು ತರಗತಿಗಳಲ್ಲಿ ಪ್ರಮಾಣಪತ್ರ ಪಡೆದು ಫಲಕ ತೂಗಹಾಕುವವರ ತಾಸುಗಳನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಇನ್ನು ಈ ಸಂಯೋಗದ ಒಳತತ್ತ್ವ. ಕಾಗದದ ಮೇಲೆ ಎರಡನ್ನೂ ಜೋಡಿಸುವುದು ಬಹು ಸುಲಭ. ಚೀನದವರ 'ಚಿ' ಹನ್ನೆರಡು ಮುಖ್ಯ ನಾಡಿಗಳಲ್ಲಿಯೂ ನಡುದೇಹದ ಎರಡು ನಾಡಿಗಳಲ್ಲಿಯೂ ಹರಿಯುತ್ತದೆ, 361 ಬಿಂದುಗಳಲ್ಲಿ ಅದನ್ನು ತಟ್ಟಬಹುದು; ಪಾಮರನ ಚೈತನ್ಯ ಬೆನ್ನುಹುರಿಯಲ್ಲಿ ಹರಿಯುತ್ತದೆ; ಎರಡಕ್ಕೂ ತಡೆಯೇ ರೋಗ. ನಮ್ಮಲ್ಲಿ ಇದಕ್ಕೆ ಪ್ರಾಣವನ್ನೂ ಮರ್ಮಗಳನ್ನೂ ಸೇರಿಸಿ ಸುಶ್ರುತನಲ್ಲಿಯೇ ಎಲ್ಲವೂ ಇತ್ತೆಂದು ಹೇಳುವ ಉತ್ಸಾಹಿಗಳಿದ್ದಾರೆ. ಇದು ಒಪ್ಪತಕ್ಕ ಮಾತಲ್ಲ. ಸುಶ್ರುತನು ಎಣಿಸಿದ 107 ಮರ್ಮಗಳು ಗಾಯವಾಗದಂತೆ ಶಸ್ತ್ರವೈದ್ಯನು ಕಾಪಾಡಬೇಕಾದ ತಾಣಗಳು. ಚೀನದ ಬಿಂದುಗಳು ಬೇಕೆಂದೇ ಚುಚ್ಚುವ ತಾಣಗಳು. ಒಂದು ತಪ್ಪಿಸಬೇಕಾದುದರ ಪಟ್ಟಿ, ಇನ್ನೊಂದು ಮುಟ್ಟಬೇಕಾದುದರ ಪಟ್ಟಿ. ಹೋಲಿಕೆ ಕಂಡಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವ ಈ ಅಭ್ಯಾಸದಿಂದ ನಮ್ಮ ಪ್ರಾಚೀನರಿಗೂ ಗೌರವ ಬಂದಂತಾಗುವುದಿಲ್ಲ. ಇದಕ್ಕಿಂತ, ಕಲ್ಯಾಣದಲ್ಲಿಯೇ 1865ರಲ್ಲಿ ಹುಟ್ಟಿ 1886ರಲ್ಲಿ ಫಿಲಡೆಲ್ಫಿಯದಲ್ಲಿ ವೈದ್ಯ ಪದವಿ ಪಡೆದ ಆನಂದಿಬಾಯಿ ಜೋಶಿಯವರ ರೀತಿ ಮೇಲು. ಪದವಿಗಾಗಿ ಅವರು ಬರೆದ ಪ್ರಬಂಧದ ವಿಷಯ ಹಿಂದೂಗಳ ಪ್ರಸೂತಿಶಾಸ್ತ್ರ. ಪಶ್ಚಿಮದ ವೈದ್ಯವನ್ನು ಕಲಿಯುತ್ತಿದ್ದಾಗಲೂ ತಮ್ಮ ಹಳೆಯದನ್ನು ಅವರು ಅಧ್ಯಯನದ ವಸ್ತುವಾಗಿ ಎದುರಿಗಿಟ್ಟುಕೊಂಡರು.

ಹಾಗಾದರೆ ಗುಣವಾಗುವುದು ಹೇಗೆ? ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ ಪರೀಕ್ಷೆಯೊಂದು 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ, ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇಕಡ 47.6 ಮಂದಿಗೆ ಗುಣ ಕಂಡಿತ್ತು. ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇಕಡ 44.2, ಔಷಧ, ವ್ಯಾಯಾಮಗಳ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇಕಡ 27.4. ಸೂಜಿಯಿಂದ ಜನಕ್ಕೆ ಹಿತವಾಯಿತೆಂಬುದು ಇದರಿಂದ ಸ್ಪಷ್ಟ. ಬಿಂದುಗಳ ನಕ್ಷೆಯೇ ಅದಕ್ಕೆ ಕಾರಣವೆಂಬುದು ಸ್ಪಷ್ಟವಲ್ಲ. ಪಂಡಿತರಲ್ಲಿಯೂ ಏಕಮತವಿಲ್ಲ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಸೊಂಟನೋವಿಗೆ ಔಷಧಕ್ಕೆ ಮೊದಲು ಸೂಜಿಯನ್ನೂ ಬೆನ್ನೆಲುಬಿನ ಚಾಲನೆಯನ್ನೂ ಪ್ರಯತ್ನಿಸಬಹುದೆಂದಿತು. ಅದಕ್ಕೆ ಒಂದು ವರ್ಷ ಮುಂಚೆ ಇಂಗ್ಲೆಂಡಿನ ನೈಸ್ ಸಂಸ್ಥೆ ಸೂಜಿ ಬೇಡವೆಂದೂ, ಕೈಚಿಕಿತ್ಸೆಯು ವ್ಯಾಯಾಮದೊಡನೆ ಮಾತ್ರ ಆಗಬಹುದೆಂದೂ ಹೇಳಿದ್ದಿತು. ನಮ್ಮ ಊರುಗಳಲ್ಲಿ ಉಳುಕಿಗೆ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುವ ಪದ್ಧತಿಯಿತ್ತು. ಮರಾಠಿಯವರು ಅಂಥವರನ್ನು ಪಾಯಾಳು ಎನ್ನುತ್ತಾರೆ. ಹಿಡಿದುಕೊಂಡ ಸೊಂಟ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುವುದರಿಂದ, ಒದ್ದವನಿಗೂ ಒತ್ತಿದವನಿಗೂ ಚುಚ್ಚಿದವನಿಗೂ ಕೀರ್ತಿ ಬಂದೇ ಬರುತ್ತದೆ.

ತಾನಾಗಿ ಬಿಡದ ನೋವೇ ಗಂಡಾಂತರದ್ದು, ಮತ್ತು ಎರಡು ವಿದ್ಯೆಗಳು ಕೂಡಬೇಕಾದ ನಿಜವಾದ ಸ್ಥಳವೂ ಅದೇ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪವಲ್ಲ. ಅದು ತಿಂಗಳುಗಟ್ಟಲೆ ಬರಿಯ ಬೆನ್ನುನೋವಿನ ವೇಷದಲ್ಲಿರುತ್ತದೆ. ಜೊತೆಗೆ ಸಂಜೆಯ ಜ್ವರ, ತೂಕದ ಇಳಿತ, ರಾತ್ರಿ ಎಬ್ಬಿಸುವ ನೋವು ಇರಬಹುದು. ಕೊಳೆತು ಮೆತ್ತಗಾದ ಆ ಮೂಳೆಯನ್ನು ಝಟಕ್ಕನೆ ತಿರುವಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ವಯಸ್ಸಾದ ಹೆಂಗಸರ ಟೊಳ್ಳುಬಿದ್ದ ಮೂಳೆಯೂ ಹೀಗೆಯೇ. ತೊಡೆಸಂದು ಮರಗಟ್ಟಿ ಮೂತ್ರ ಹಿಡಿತ ತಪ್ಪಿದವನು ಆ ದಿನವೇ ಆಸ್ಪತ್ರೆ ಸೇರಬೇಕಾದವನು. ಕತ್ತನ್ನು ತಿರುವಿದ ಬಳಿಕ ಮೆದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ವರದಿಗಳು ಉಂಟು. ಅವು ವಿರಳ, ನಾಳ ಮೊದಲೇ ಸೀಳಿ ಆ ನೋವಿಗಾಗಿಯೇ ರೋಗಿ ಬಂದಿದ್ದನೆ ಎಂಬ ವಿವಾದವೂ ಇದೆ. ಚಿಕಿತ್ಸಕನಿಗೆ ಎರಡೂ ಒಂದೇ: ಹಿಂದೆಂದೂ ಇಲ್ಲದ ಕತ್ತುನೋವಿನೊಡನೆ ತಲೆಸುತ್ತು, ಮಾತಿನ ತೊದಲು ಇದ್ದವನ ಕತ್ತನ್ನು ಮುಟ್ಟಕೂಡದು. ಸೂಜಿಯೂ ನಿರಪಾಯವಲ್ಲ, ಹೆಗಲಿನ ಮೇಲ್ಭಾಗದಲ್ಲಿ ಆಳಕ್ಕಿಳಿದರೆ ಶ್ವಾಸಕೋಶಕ್ಕೆ ತೂತಾಗುತ್ತದೆ. ಇದೊಂದನ್ನೂ ನಾಡಿಗಳ ನಕ್ಷೆಯಾಗಲಿ ಪಾಮರನ ಸಿದ್ಧಾಂತವಾಗಲಿ ಹೇಳಿಕೊಡುವುದಿಲ್ಲ. ರೋಗಪರೀಕ್ಷೆಯೆಂಬ ಮೂರನೆಯ ವಿದ್ಯೆಯೊಂದೇ ಉಳಿದೆರಡಕ್ಕೂ ನೆಲೆಗಟ್ಟು. ಅದನ್ನು ಕಲಿತವನಲ್ಲಿ ಎರಡೂ ಕೂಡುತ್ತವೆ. ಕಲಿಯದವನಲ್ಲಿ ಒಂದರ ಕುರುಡಿಗೆ ಇನ್ನೊಂದರ ಕುರುಡು ಸೇರುತ್ತದೆ.

ಕಾನೂನಿನ ಸ್ಥಿತಿಯೂ ಇಬ್ಬಗೆಯದೇ. ಕೇಂದ್ರ ಸರಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾವಿಧಾನವೆಂದೂ 2019ರಲ್ಲಿ ಪ್ರತ್ಯೇಕ ಪದ್ಧತಿಯೆಂದೂ ಮನ್ನಿಸಿತು. ಬಸು ಅವರ ಬಂಗಾಳ 1996ರಲ್ಲಿಯೇ ಇದಕ್ಕೆ ಕಾಯಿದೆ ಮಾಡಿತ್ತು. ಮಹಾರಾಷ್ಟ್ರದಲ್ಲಿ 2015ರ ಹೆಸರಿನ ಕಾಯಿದೆಯುಂಟು, ಅದರಂತೆ ಪರಿಷತ್ತೂ ನೋಂದಣಿಯೂ ಉಂಟು. ಕೈರೋಪ್ರಾಕ್ಟಿಕ್‌ಗೆ ನಮ್ಮ ದೇಶದಲ್ಲಿ ಅಂಥ ಪ್ರತ್ಯೇಕ ಪರಿಷತ್ತಿಲ್ಲ. ಆದುದರಿಂದ ಠಾಣೆಯಲ್ಲಾಗಲಿ ವಾಶಿಯಲ್ಲಾಗಲಿ ಒಂದೇ ಕೊಠಡಿಯಲ್ಲಿ ಎರಡನ್ನೂ ನಡೆಸುವವನ ಸೂಜಿಯ ನೋಂದಣಿಸಂಖ್ಯೆಯನ್ನು ಕೇಳಿ ನೋಡಬಹುದು. ಕತ್ತಿಗೆ ಕೈಹಾಕುವ ವಿದ್ಯೆಯನ್ನು ಎಲ್ಲಿ, ಎಷ್ಟು ವರ್ಷ ಕಲಿತನೆಂಬುದನ್ನು ಮಾತ್ರ, ಮೇಜಿನ ಮೇಲೆ ಮಲಗುವುದಕ್ಕೆ ಮೊದಲು, ಅವನ ಬಾಯಿಂದಲೇ ಕೇಳಿ ತಿಳಿಯಬೇಕಾಗಿದೆ.