ಕ್ಷೌರದ ಕತ್ತಿಯ ಹಿಡಿ

ಕ್ಷೌರದ ಕತ್ತಿ ಎಂದೊಡನೆ ಎಲ್ಲರ ಗಮನವೂ ಅಲಗಿನ ಮೇಲೆ ಹರಿಯುತ್ತದೆ. ಹಿಡಿಯ ಮಾತನ್ನು ಎತ್ತುವವರು ವಿರಳ. ಇಂಥ ಅಲ್ಪ ವಸ್ತುವಿನ ಮೇಲೊಂದು ಪ್ರಬಂಧವೇ ಎಂದು ಸಹಪಾಠಿಗಳು ನಕ್ಕಾರು. ಆದರೆ ಹಿಡಿ ಕೆಟ್ಟರೆ ಅಲಗೂ ಕೆಡುತ್ತದೆಂಬುದು ನಮ್ಮ ಮನೆಯಲ್ಲೇ ನಡೆದ ಸಂಗತಿ.

ಬೆಳ್ತಂಗಡಿ ತಾಲೂಕಿನ ಒಂದು ಸಣ್ಣ ಪೇಟೆಯಲ್ಲಿ ನನ್ನ ತಂದೆಯವರ ಕ್ಷೌರದಂಗಡಿಯಿದೆ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ನಾನು 'ವ್ಯಾಪಾರ' ಎಂದು ಬರೆದಿದ್ದೆ. ಈ ಲೇಖನ ಆ ತಪ್ಪಿನ ತಿದ್ದುಪಡಿಯೂ ಹೌದು.

ಮಡಚುವ ಕತ್ತಿಯ ಹಿಡಿಯೆಂದರೆ ಎರಡು ತೆಳು ಪಟ್ಟಿಗಳು. ಒಂದು ತುದಿಯಲ್ಲಿ ಅಲಗು ತಿರುಗುವ ಮೊಳೆ, ಇನ್ನೊಂದು ತುದಿಯಲ್ಲಿ ಪಟ್ಟಿಗಳನ್ನು ದೂರವಿಡುವ ಸಣ್ಣ ಬೆಣೆ. ಮಡಚಿದಾಗ ಹರಿತವಾದ ಅಂಚನ್ನು ಕಾಯುವುದು, ಬಿಚ್ಚಿದಾಗ ಅಲಗಿನ ಭಾರಕ್ಕೆ ಸಮತೂಕ ಕೊಡುವುದು, ಒದ್ದೆ ಕೈಯಲ್ಲಿ ಜಾರದಿರುವುದು — ಹಿಡಿಯ ಕೆಲಸ ಇವು ಮೂರು. ಪಟ್ಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಮಡಚುವಾಗ ಅಂಚು ಅದಕ್ಕೆ ತಾಗಿ ಮುಕ್ಕಾಗುತ್ತದೆ.

ಹಿಂದಿನವರು ಮೆಚ್ಚಿದ್ದು ಎಮ್ಮೆ ಕೋಣಗಳ ಕೊಂಬನ್ನು. ನಮ್ಮ ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಕೊಂಬಿನಲ್ಲಿಯೂ ಇದೆ. ಬಿಸಿ ತಾಗಿಸಿದರೆ ಮೆದುವಾಗುವುದರಿಂದ ಅದನ್ನು ಚಪ್ಪಟೆ ಮಾಡುವುದು ಸುಲಭ. ಹಗುರ, ಹಿಡಿತವೂ ಚೆನ್ನ. ಆದರೆ ಅದು ನೀರು ಹೀರುತ್ತದೆ, ಒಣಗಿದರೆ ಸೀಳುತ್ತದೆ, ಹುಳಕ್ಕೂ ಆಹಾರವಾಗುತ್ತದೆ. ಆಗಾಗ ಎಣ್ಣೆ ಸವರಿ ಒರಸಿಡುವ ತಾಳ್ಮೆ ಇದ್ದವರಿಗೆ ಮಾತ್ರ ಕೊಂಬು.

ದಂತ ಸೊಟ್ಟಗಾಗುವುದು ಕಡಿಮೆ, ನೋಟಕ್ಕೂ ಸೊಗಸು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದಕ್ಕೆ 1986, 1991ರಲ್ಲಾದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಚಾರ್ಮಾಡಿಯ ಆನೆಯ ದಂತ ಆನೆಗೇ ಇರಲಿ.

ದಂತದ ಬದಲಿಗೆ ಬಂದದ್ದು ಸೆಲ್ಯುಲಾಯ್ಡ್. ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬಾತ 1870ರ ಸುಮಾರಿಗೆ ಇದನ್ನು ಬಳಕೆಗೆ ತಂದನು. ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಹತ್ತಿಗೆ ಕರ್ಪೂರ ಬೆರೆಸಿ ಮಾಡಿದ ವಸ್ತುವಿದು. ಜೋರಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಬೇಗ ಬೆಂಕಿ ಹತ್ತುವುದು ಇದರ ಒಂದು ದೋಷ. ಇನ್ನೊಂದು ದೋಷ ಗುಪ್ತವಾದುದು. ದಶಕಗಳು ಕಳೆದ ಮೇಲೆ ಅದು ತಾನಾಗಿ ಕೊಳೆಯತೊಡಗಿ ಆಮ್ಲದ ಹಬೆಯನ್ನು ಬಿಡುತ್ತದೆ. ಆ ಹಬೆಗೆ ಒಳಗಿನ ಅಲಗು ಮಾತ್ರವಲ್ಲ, ಒಂದೇ ಹಡಪದಲ್ಲಿಟ್ಟ ಬೇರೆ ಕತ್ತಿಗಳೂ ತುಕ್ಕು ಹಿಡಿಯುತ್ತವೆ.

ನನ್ನ ಅಜ್ಜನ ಕತ್ತಿಯಲ್ಲಿ ಜರ್ಮನಿಯ ಸೋಲಿಂಗೆನ್ ನಗರದ ಮುದ್ರೆಯಿದೆ; ಹಿಡಿ ದಂತದಂತೆ ಹಳದಿ ಬಿಳುಪು. ಒಂದು ಮಳೆಗಾಲದಲ್ಲಿ ಅದರ ಅಲಗಿಗೆ ತುಕ್ಕು ಬಂತು. "ಒರಸದೆ ಇಟ್ಟೆ" ಎಂದು ಅಜ್ಜ ಅಪ್ಪನನ್ನು ಬೈದರಂತೆ. ಅಪ್ಪ ಒರಸಿಯೇ ಇಟ್ಟಿದ್ದರು; ಆದರೆ ಅದನ್ನು ತೋರಿಸಿಕೊಡುವುದು ಹೇಗೆ? ಕಳೆದ ರಜೆಯಲ್ಲಿ ಆ ಬಿರುಕುಬಿಟ್ಟ ಹಿಡಿಯನ್ನು ಉಜ್ಜಿ ಮೂಸಿದೆ. ಕರ್ಪೂರ! ತುಕ್ಕು ಇದ್ದುದೂ ಹಿಡಿಯೊಳಗೆ ಅಡಗುವ ಭಾಗದಲ್ಲೇ. ಅಪ್ಪನಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅಜ್ಜ ಇರುವಾಗ ಗೊತ್ತಾಗಿದ್ದರೆ ಒಳ್ಳೆಯದಿತ್ತು" ಎಂದರು.

ಇನ್ನು ಮರ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿ: ಕೆಳ ಅಂತಸ್ತಿಗೆ ಕಲ್ಲು, ಮೇಲಕ್ಕೆ ಮರ. ಯಾವುದು ಎಲ್ಲಿ ತಕ್ಕದ್ದೆಂಬ ವಿವೇಕ ನಮ್ಮ ನಾಡಿನದೇ. ಹಿಡಿಗೆ ಬೀಟೆಯಂಥ ಒತ್ತಾದ ಮರ ತಕ್ಕದ್ದು. ಎಳೆಗಳು ಉದ್ದಕ್ಕೆ ಓಡಬೇಕು, ಮರ ಚೆನ್ನಾಗಿ ಒಣಗಿರಬೇಕು, ನೀರಿಳಿಯದಂತೆ ಎಣ್ಣೆ ಅಥವಾ ಅರಗಿನ ಲೇಪ ಬೇಕು. ಬೀಟೆಯನ್ನು ಮನಬಂದಂತೆ ಕಡಿಯಲು ಕಾನೂನು ಬಿಡುವುದಿಲ್ಲ, ಕಡಿಯಬೇಕಾಗಿಯೂ ಇಲ್ಲ. ಹಳೆಯ ಮಂಚದ ಒಂದು ಮುರಿದ ಕಾಲಿನಲ್ಲಿ ಹಲವು ಹಿಡಿಗಳಿಗಾಗುವಷ್ಟು ಮರವಿರುತ್ತದೆ.

ಹಾಗಾದರೆ ಅಂಗಡಿಗೂ ಬೀಟೆಯೇ? ಅಲ್ಲ. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ. ರಕ್ತದಿಂದ ಹರಡುವ ರೋಗಗಳ ಅರಿವು ಹೆಚ್ಚಿದಂತೆ, ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವ ಕತ್ತಿ ಅಂಗಡಿಗಳಿಗೆ ಬಂತು. ಅದರ ಹಿಡಿಯನ್ನೂ ಶುದ್ಧಿಮಾಡಬೇಕಷ್ಟೆ. ಕುದಿಯುವ ನೀರನ್ನು ಕೊಂಬೂ ಮರವೂ ತಾಳಲಾರವು. ತುಕ್ಕು ಹಿಡಿಯದ ಉಕ್ಕು ತಾಳುತ್ತದೆ. ಆದುದರಿಂದ ಹತ್ತು ಮುಖ ಮುಟ್ಟುವ ಕತ್ತಿಗೆ ಉಕ್ಕು, ಒಬ್ಬನೇ ಬಳಸುವ ಕತ್ತಿಗೆ ಮರ ಅಥವಾ ಕೊಂಬು ಎಂಬುದು ನನ್ನ ಅಭಿಮತ.

ಬಂಟ್ವಾಳದ ಬಡಗಿಯೊಬ್ಬರು ಕೊಟ್ಟ ಬೀಟೆಯ ಚೂರಿನಿಂದ ನಾನೂ ಅಪ್ಪನೂ ಸೇರಿ ಅಜ್ಜನ ಕತ್ತಿಗೆ ಹೊಸ ಹಿಡಿ ಮಾಡಿದೆವು. ನಾನು ಮರದ ಬಣ್ಣವನ್ನು ನೋಡುತ್ತಿದ್ದಾಗ ಅಪ್ಪ, "ಕಣ್ಣಿನಿಂದ ಆರಿಸಬೇಡ, ಒದ್ದೆ ಕೈಯಿಂದ ಆರಿಸು" ಎಂದರು. ಶಾಲೆಯನ್ನು ನಡುವಿನಲ್ಲೇ ಬಿಟ್ಟ ಅವರಿಂದ ಈ ಪಾಠವನ್ನು ನಾನು ಬಿ.ಎ. ಕೊನೆಯ ವರ್ಷದಲ್ಲಿ ಕಲಿತೆ.