ಎಷ್ಟು ಜನರಲ್ಲಿ ಎಷ್ಟು ಜನರಿಗೆ?

“ಸೊಪ್ಪಿನ ರಸ ಕುಡಿದು ಅವರ ಕಾಮಾಲೆ ಇಳಿಯಿತಂತೆ, ನಮಗೂ ಅದನ್ನೇ ಕೊಡಿ” ಎಂದು ಕೇಳುವ ಭಕ್ತರು ಬಹಳ. ಅವರಿಗೆ ಗುಣವಾದದ್ದು ಸುಳ್ಳಲ್ಲ. ಆದರೆ ಒಬ್ಬರ ಗುಣದಿಂದ ಔಷಧದ ಬಲವನ್ನು ಅಳೆಯಲಾಗದು. ಗಣಿತದಲ್ಲಿ ಇದಕ್ಕೆ ಪ್ರಾಯೋಗಿಕ ಸಂಭವನೀಯತೆ ಎಂಬ ಅಳತೆಯಿದೆ. ಘಟನೆ ಎಷ್ಟು ಸಲ ನಡೆಯಿತೆಂಬುದನ್ನು ಒಟ್ಟು ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಬೇಕು, ಅಷ್ಟೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ಒಂದು ನಾಣ್ಯವನ್ನು 10,000 ಸಲ ಚಿಮ್ಮಿ ಲೆಕ್ಕವಿಟ್ಟರು. ಮೊದಲ 100 ಸಲದಲ್ಲಿ ತಲೆಯ ಮುಖ ಮೇಲಾದದ್ದು 44 ಸಲ, ಅಂದರೆ 0.44. ಸಾವಿರ ಮುಗಿದಾಗ 502. ಹತ್ತು ಸಾವಿರಕ್ಕೆ 5,067, ಅಂದರೆ 0.5067. ಪ್ರಯತ್ನಗಳು ಹೆಚ್ಚಿದಂತೆ ಉತ್ತರವು ಅರ್ಧದ ಸಮೀಪಕ್ಕೆ ಬಂದು ನಿಂತಿತು. ನೂರಕ್ಕೇ ನಿಲ್ಲಿಸಿದ್ದರೆ ನಾಣ್ಯವನ್ನೇ ದೂರುವವರಿರುತ್ತಿದ್ದರು.

ಈಗ ಕಾಮಾಲೆಗೆ ಬರೋಣ. ಔಷಧ ಪಡೆದ 50 ಮಂದಿಯಲ್ಲಿ 45 ಮಂದಿಗೆ ಗುಣವಾಯಿತೆಂದಿಟ್ಟುಕೊಳ್ಳಿ. 45ನ್ನು 50ರಿಂದ ಭಾಗಿಸಿದರೆ 0.9. ಕೇಳಲು ಇಂಪಾದ ಅಂಕಿ. ಆದರೆ ಮರಳಿ ಬಾರದವರನ್ನೂ ಆ 50ರಲ್ಲಿ ಸೇರಿಸಲಾಗಿದೆಯೇ? ಗುಣವಾದವರು ಹಣ್ಣುಕಾಯಿ ಹಿಡಿದು ಬಂದು ಹೇಳುತ್ತಾರೆ. ಗುಣವಾಗದವರು ಬೇರೆ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾರೆ. ಛೇದವನ್ನು ಮರೆತ ಲೆಕ್ಕ ಯಾವಾಗಲೂ ವೈದ್ಯನ ಪರವಾಗಿಯೇ ಇರುತ್ತದೆ, ನಮ್ಮಂಥವರ ಪರವಾಗಿಯೂ!

ಇನ್ನೊಂದು ಮಾತು. ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ‘ಎ’ ಕಾಮಾಲೆಯು ಬಹುಪಾಲು ಜನರಲ್ಲಿ ವಿಶ್ರಾಂತಿ ಮತ್ತು ಪಥ್ಯದಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಔಷಧವಿಲ್ಲದ 50 ಮಂದಿಯಲ್ಲಿಯೂ 45 ಮಂದಿ ಗುಣವಾದರೆ ಸೊಪ್ಪಿನ ಪಾಲು ಎಷ್ಟು? ಸೊನ್ನೆ. ನೆಲನೆಲ್ಲಿಯನ್ನು ನಾವೂ ಬಳಸುತ್ತೇವೆ. ಆದರೂ ಈ ಹೋಲಿಕೆಯಿಲ್ಲದೆ ಅದಕ್ಕೆ 0.9ರ ಕಿರೀಟ ತೊಡಿಸಲಾರೆವು. ಕಾಮಾಲೆಗೆ ಬರೆ ಹಾಕಿಸುವ ಪದ್ಧತಿಯ ಹೆಸರು ಉಳಿದಿರುವುದೂ ಇಂಥ ತಾನಾಗಿ ಇಳಿದ ಕಾಮಾಲೆಗಳಿಂದಲೇ.

ಎಲ್ಲ ಕಾಮಾಲೆಯೂ ಒಂದೇ ನಾಣ್ಯವಲ್ಲ. ಪಿತ್ತನಾಳದಲ್ಲಿ ಕಲ್ಲು ಅಥವಾ ಗಡ್ಡೆ ಅಡ್ಡವಾಗಿದ್ದರೆ ಹಿಂದಿನ ಲೆಕ್ಕ ಇಲ್ಲಿಗೆ ಸಲ್ಲದು. ಸೊಪ್ಪಿನ ರಸ ಕುಡಿಯುತ್ತ ಕಳೆದ ದಿನಗಳಷ್ಟೇ ನಷ್ಟ. ಆದುದರಿಂದ ಕಣ್ಣು ಹಳದಿಯಾದೊಡನೆ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ಮಲ ಬಿಳಿಚಿ ಮೈ ತುರಿಸುತ್ತಿದ್ದರೆ ಸ್ಕ್ಯಾನಿಂಗ್ ಅವಶ್ಯ. ರೋಗಿಗೆ ಮಂಪರು ಕವಿದರೆ, ಮಾತು ತಡವರಿಸಿದರೆ, ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.