ಹೊನ್ನು ಯಾರದು, ಹರಕೆ ಯಾರದು?

ಸೊರಬ ತಾಲ್ಲೂಕಿನ ಕುಬಟೂರು ಹಳೆಯ ಶಾಸನಗಳಲ್ಲಿ ಕುಪ್ಪಟೂರು. ಆನವಟ್ಟಿಗೆ ಹತ್ತಿರದ ಈ ಊರಿಗೆ ಬಂದವರು ಕೈಟಭೇಶ್ವರ ದೇವಾಲಯವನ್ನು ನೋಡದೆ ಹೋಗುವುದಿಲ್ಲ. ಸುಮಾರು 1100ರ ಹೊತ್ತಿನ ಆ ಗುಡಿಯ ತೆರೆದ ಮಂಟಪ, ನುಣುಪಾಗಿ ಕಡೆದ ಕಂಬಗಳ ಸಾಲು ಯಾರನ್ನಾದರೂ ತಡೆದು ನಿಲ್ಲಿಸುತ್ತವೆ. ಆದರೆ ಕಲೆ, ಧರ್ಮ, ರಾಜಕಾರಣ ಒಂದೇ ಕಟ್ಟಡದಲ್ಲಿ ಹೇಗೆ ಸೇರಿಕೊಳ್ಳುತ್ತವೆ ಎಂದು ತಿಳಿಯಬೇಕಾದರೆ ಈ ಊರಿನ ಪಾರ್ಶ್ವನಾಥ ಬಸದಿಯ ಶಾಸನವನ್ನು ಓದಬೇಕು.

ಕುಪ್ಪಟೂರಿನ ಮೂವರು

ಶಾಸನದ ಕಾಲ 1077. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಪಟ್ಟವೇರಿ ಒಂದು ವರ್ಷವಾಗಿತ್ತು. ಬನವಾಸಿ ನಾಡಿನಲ್ಲಿ ಕದಂಬ ಮನೆತನದ ಕೀರ್ತಿದೇವ ಆಳುತ್ತಿದ್ದ. ಅವನ ಹಿರಿಯರಸಿ ಮಾಳಲದೇವಿ ಜಿನಭಕ್ತೆ. ಅವಳು ಕುಪ್ಪಟೂರಿನಲ್ಲಿ ಪಾರ್ಶ್ವದೇವರ ಚೈತ್ಯಾಲಯ ಕಟ್ಟಿಸಿದಳು. ಪದ್ಮನಂದಿ ಸಿದ್ಧಾಂತದೇವರು ಪ್ರತಿಷ್ಠೆ ನೆರವೇರಿಸಿದರು. ಆದರೆ ಕುಪ್ಪಟೂರು ಬ್ರಾಹ್ಮಣರ ಅಗ್ರಹಾರ. ರಾಣಿ ಅಲ್ಲಿನ ಮಹಾಜನರನ್ನು ಸತ್ಕರಿಸಿ, ಬಸದಿಗೆ ಅವರಿಂದಲೇ ‘ಬ್ರಹ್ಮಜಿನಾಲಯ’ ಎಂದು ಹೆಸರಿಡಿಸಿದಳು. ಅದರ ಖರ್ಚಿಗೆ ಗಂಡನಿಂದ ಭೂಮಿಯನ್ನೂ ಬಿಡಿಸಿಕೊಂಡಳು.

ಇಲ್ಲಿ ಮೂರು ಪಾತ್ರಗಳಿವೆ. ಹೊನ್ನು ಕೊಟ್ಟವರು, ಒಪ್ಪಿ ಹರಸಿದವರು, ಅಧಿಕಾರದಿಂದ ಕಾದವರು. ಶಿಲ್ಪಿಯ ಉಳಿಗೆ ಕೆಲಸ ಸಿಗುವುದು ಈ ಮೂವರೂ ಕೂಡಿದ ಮೇಲೆ. 1400ರಿಂದ 1700ರವರೆಗಿನ ಯುರೋಪಿನ ಕಲೆಯನ್ನು, ಅಂದರೆ ಪುನರುಜ್ಜೀವನದಿಂದ ಬರೋಕ್‌ವರೆಗಿನ ಕಥೆಯನ್ನು, ಇದೇ ಮೂವರನ್ನು ಹುಡುಕುತ್ತ ಓದಿದರೆ ಅದು ಬರಿಯ ಹೆಸರು ಇಸವಿಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ಫ್ಲಾರೆನ್ಸಿನ ಸಾಹುಕಾರ

ಇಟಲಿಯ ಫ್ಲಾರೆನ್ಸ್ ನಗರಕ್ಕೆ ಅರಸನಿರಲಿಲ್ಲ. ಹೆಸರಿಗೆ ಅದು ಗಣರಾಜ್ಯ. ನಿಜವಾದ ಹಿಡಿತ ಮೆಡಿಚಿ ಎಂಬ ಲೇವಾದೇವಿ ಮನೆತನದ ಕೈಯಲ್ಲಿತ್ತು. ಬಡ್ಡಿ ತಿನ್ನುವುದು ಪಾಪ ಎಂದು ಚರ್ಚ್ ಸಾರುತ್ತಿದ್ದ ಕಾಲ ಅದು. ಬಡ್ಡಿಯಿಂದಲೇ ಬೆಳೆದ ಕೊಸಿಮೊ ಮೆಡಿಚಿಗೆ ಮನಸ್ಸಿನ ಭಾರ ಇಳಿಸಲು ಪೋಪ್ ನಾಲ್ಕನೆಯ ಯೂಜಿನಿಯಸ್ ಸೂಚಿಸಿದ ದಾರಿ: ಸಾನ್ ಮಾರ್ಕೊ ಸನ್ಯಾಸಿ ಮಠವನ್ನು ಹೊಸದಾಗಿ ಕಟ್ಟಿಸುವುದು. ಮಿಕೆಲೊಜೊ ಕಟ್ಟಡ ರೂಪಿಸಿದ. ಆ ಮಠದ ಪಂಥಕ್ಕೇ ಸೇರಿದ ಸನ್ಯಾಸಿ ಫ್ರಾ ಆಂಜೆಲಿಕೊ ಒಂದೊಂದು ಕೋಣೆಯ ಗೋಡೆಗೂ ಏಸುವಿನ ಬದುಕಿನ ಚಿತ್ರ ಬರೆದ. ಪೂಜಾಪೀಠದ ಮುಖ್ಯ ಚಿತ್ರದಲ್ಲಿ ಮೇರಿಯ ಮುಂದೆ ಮಂಡಿಯೂರಿದವರು ಸಂತ ಕಾಸ್ಮಸ್ ಮತ್ತು ಡೇಮಿಯನ್, ಮೆಡಿಚಿಗಳ ಮನೆದೇವರಂಥವರು. 1443ರ ಪ್ರತಿಷ್ಠೆಗೆ ಸ್ವತಃ ಪೋಪ್ ಬಂದ. ಪಾಪ ಕಳೆಯಿತೋ ಇಲ್ಲವೋ, ಮನೆತನಕ್ಕೆ ಮರ್ಯಾದೆಯಂತೂ ದಕ್ಕಿತು.

ಆದರೆ ಕೊಟ್ಟವನ ಹಿಡಿತ ಕಟ್ಟಡದ ಮೇಲೆ ಎಂದೆಂದಿಗೂ ಉಳಿಯುವುದಿಲ್ಲ. 1491ರಲ್ಲಿ ಅದೇ ಮಠದ ಹಿರಿಯನಾಗಿ ಬಂದ ಸವೊನರೋಲಾ ಸಿರಿವಂತರ ಆಡಂಬರವನ್ನೂ ಮೆಡಿಚಿಗಳ ದರ್ಪವನ್ನೂ ಬಹಿರಂಗವಾಗಿ ಖಂಡಿಸಿದ. 1494ರಲ್ಲಿ ಮೆಡಿಚಿಗಳು ಊರು ಬಿಡಬೇಕಾಯಿತು. 1497ರಲ್ಲಿ ಅವನ ಹಿಂಬಾಲಕರು ಕನ್ನಡಿ, ಪಗಡೆ, ವಾದ್ಯ, ಚಿತ್ರಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಮರುವರ್ಷ ನಗರದ ಚೌಕದಲ್ಲಿ ಅವನನ್ನೇ ನೇಣುಹಾಕಿ ಸುಡಲಾಯಿತು.

ಕಟ್ಟಡದ ಸಾಲ, ಧರ್ಮದ ಒಡಕು

1506ರ ಏಪ್ರಿಲ್‌ನಲ್ಲಿ ಪೋಪ್ ಎರಡನೆಯ ಜೂಲಿಯಸ್ ರೋಮಿನ ಸಂತ ಪೀಟರನ ಚರ್ಚಿಗೆ ಅಡಿಗಲ್ಲು ಇಟ್ಟ. ಸಾಮ್ರಾಟ ಕಾನ್‌ಸ್ಟಂಟೈನ್ ಕಟ್ಟಿಸಿದ್ದ, ಸುಮಾರು ಸಾವಿರದಿನ್ನೂರು ವರ್ಷ ಹಳೆಯದಾದ ಚರ್ಚನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಎಬ್ಬಿಸುವ ಹಮ್ಮು ಅವನದು. ಅದೇ ಹೊತ್ತಿಗೆ ಮೈಕೆಲೆಂಜೆಲೊನಿಂದ ಸಿಸ್ಟೀನ್ ಪ್ರಾರ್ಥನಾಲಯದ ಮೇಲ್ಛಾವಣಿಗೆ ಚಿತ್ರ ಬರೆಸಿದವನೂ, ಸ್ವತಃ ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೊರಟವನೂ ಇದೇ ಪೋಪ್.

ಅವನ ನಂತರ ಪೀಠಕ್ಕೆ ಬಂದ ಹತ್ತನೆಯ ಲಿಯೊ ಕೊಸಿಮೊನ ಮರಿಮಗ. ಕಟ್ಟಡದ ಖರ್ಚಿಗೆ ಕ್ಷಮಾಪತ್ರಗಳ ಮಾರಾಟ ಜೋರಾಯಿತು. ಹಣ ಕೊಟ್ಟು ಪತ್ರ ಕೊಂಡರೆ, ಸತ್ತ ಮೇಲೆ ಪಾಪಕ್ಕಾಗಿ ಅನುಭವಿಸಬೇಕಾದ ಶಿಕ್ಷೆ ಕಡಿಮೆಯಾಗುತ್ತದೆ ಎಂಬ ಭರವಸೆ. ಜರ್ಮನಿಯಲ್ಲಿ ಈ ವ್ಯವಹಾರದ ಹಿಂದೆ ಇನ್ನೊಂದು ಲೆಕ್ಕವಿತ್ತು. ಮೈಂಟ್ಸಿನ ಮಹಾಧರ್ಮಾಧ್ಯಕ್ಷ ಆಲ್‌ಬ್ರೆಕ್ಟ್ ತನ್ನ ಪದವಿ ಪಡೆಯಲು ಫುಗ್ಗರ್ ಸಾಹುಕಾರರಿಂದ ದೊಡ್ಡ ಸಾಲ ಮಾಡಿದ್ದ. ಸಂಗ್ರಹವಾದ ಹಣದಲ್ಲಿ ಅರ್ಧ ರೋಮಿಗೆ, ಅರ್ಧ ಆ ಸಾಲಕ್ಕೆ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಅದೇ ಆಲ್‌ಬ್ರೆಕ್ಟ್‌ಗೆ ತನ್ನ 95 ವಾದಗಳನ್ನು ಕಳಿಸಿದ. ಅವುಗಳಲ್ಲಿ ಒಂದು ನೇರವಾದ ಪ್ರಶ್ನೆ: ಇಷ್ಟು ಸಿರಿವಂತನಾದ ಪೋಪ್ ಬಡವರ ಕಾಸಿನ ಬದಲು ಸ್ವಂತ ಹಣದಿಂದ ಈ ಚರ್ಚನ್ನು ಯಾಕೆ ಕಟ್ಟಿಸಬಾರದು?

ಕ್ರೈಸ್ತ ಧರ್ಮದ ಒಡಕಿಗೆ ಇದೊಂದೇ ಕಾರಣವಲ್ಲ. ರೋಮಿನ ಹಿಡಿತದಿಂದ ಬಿಡಿಸಿಕೊಳ್ಳಲು ಜರ್ಮನ್ ದೊರೆಗಳಿಗೆ ತಮ್ಮದೇ ಕಾರಣಗಳಿದ್ದವು. ಅಚ್ಚಿನ ಯಂತ್ರ ಲೂಥರನ ಮಾತನ್ನು ವಾರಗಳಲ್ಲೇ ಊರೂರಿಗೆ ಮುಟ್ಟಿಸಿತು. ಆದರೂ ಜಗಳ ಶುರುವಾದದ್ದು ಒಂದು ಕಟ್ಟಡದ ಲೆಕ್ಕಪತ್ರದಿಂದ ಎಂಬುದನ್ನು ಮರೆಯಬಾರದು. ಹೊನ್ನು, ಹರಕೆ, ಅಧಿಕಾರ ಕೂಡಿದ್ದನ್ನು ಜನ ಎಲ್ಲ ಕಾಲಕ್ಕೂ ಸುಮ್ಮನೆ ಒಪ್ಪಿಕೊಂಡಿರಲಿಲ್ಲ.

ಬರೋಕ್: ಕಣ್ಣಿನ ಮೂಲಕ ಉಪದೇಶ

ರೋಮಿನಿಂದ ಬೇರೆಯಾದ ಸುಧಾರಕರಲ್ಲಿ ಕಟ್ಟಾ ಪಂಗಡದವರಿಗೆ ಚರ್ಚಿನೊಳಗಿನ ಮೂರ್ತಿ, ಚಿತ್ರಗಳೇ ತಪ್ಪಾಗಿ ಕಂಡವು. 1566ರಲ್ಲಿ ನೆದರ್ಲ್ಯಾಂಡ್ಸ್ ಪ್ರಾಂತ್ಯಗಳ ನೂರಾರು ಚರ್ಚುಗಳಲ್ಲಿ ಮೂರ್ತಿಭಂಜನೆ ನಡೆಯಿತು. ರೋಮಿನ ಕಡೆಯೇ ಉಳಿದ ಕ್ಯಾಥೊಲಿಕರ ಉತ್ತರ ಅದಕ್ಕೂ ಮೊದಲೇ ಸಿದ್ಧವಾಗಿತ್ತು. 1545ರಿಂದ ಬಿಟ್ಟುಬಿಟ್ಟು ಸೇರಿದ ಟ್ರೆಂಟ್ ಮಹಾಸಭೆ 1563ರಲ್ಲಿ ತೀರ್ಮಾನಿಸಿತು: ಚಿತ್ರಗಳು ಇರಲಿ, ಗೌರವ ಸಲ್ಲುವುದು ಮರಕ್ಕೋ ಬಣ್ಣಕ್ಕೋ ಅಲ್ಲ, ಅದು ತೋರಿಸುವ ಸಂತರಿಗೆ, ಆದರೆ ಅಶ್ಲೀಲ ಸಲ್ಲದು, ಹೊಸ ಚಿತ್ರಕ್ಕೆ ಧರ್ಮಾಧ್ಯಕ್ಷರ ಒಪ್ಪಿಗೆ ಬೇಕು. ಮೈಕೆಲೆಂಜೆಲೊನ ‘ಅಂತಿಮ ತೀರ್ಪು’ ಚಿತ್ರದ ಬೆತ್ತಲೆ ದೇಹಗಳಿಗೆ ಬಟ್ಟೆ ಬರೆಯಿಸಿದ್ದು ಇದರ ಬೆನ್ನಿಗೇ. 1573ರಲ್ಲಿ ವೆನಿಸಿನ ಚಿತ್ರಕಾರ ವೆರೊನೇಸೆಯನ್ನು ಚರ್ಚಿನ ಧರ್ಮವಿಚಾರಣಾ ಮಂಡಲಿಯ ಮುಂದೆ ಕರೆಸಿ, ಏಸುವಿನ ಕಡೆಯ ಭೋಜನದಲ್ಲಿ ವಿದೂಷಕರೂ ಜರ್ಮನ್ ಸೈನಿಕರೂ ಯಾಕಿದ್ದಾರೆ ಎಂದು ಕೇಳಿದರು. ಕೊನೆಗೆ ಅವನು ಚಿತ್ರದ ಹೆಸರನ್ನೇ ಬದಲಿಸಿ ಪಾರಾದ.

ಈ ಒತ್ತಡದೊಳಗೆ ಬೆಳೆದದ್ದು ಬರೋಕ್. ಪುನರುಜ್ಜೀವನದ ಕಲೆ ಅಳತೆ, ಸಮತೋಲ, ಶಾಂತ ನಿಲುವುಗಳನ್ನು ಮೆಚ್ಚಿತ್ತು. ಬರೋಕ್ ಕಲಾವಿದನಿಗೆ ನೋಡುಗನ ಎದೆ ಝಲ್ಲೆನ್ನಬೇಕು. ಕಾರವಾಜೊ 1600ರ ಹೊತ್ತಿಗೆ ಬರೆದ ‘ಮ್ಯಾಥ್ಯೂಗೆ ಬಂದ ಕರೆ’ಯಲ್ಲಿ ಸುಂಕದ ಕಟ್ಟೆಯಂಥ ಕತ್ತಲ ಕೋಣೆಯೊಳಗೆ ಒಂದು ಬೆಳಕಿನ ಪಟ್ಟಿ ನುಗ್ಗುತ್ತದೆ, ಹಣ ಎಣಿಸುತ್ತಿರುವವರು ಅವನದೇ ಕಾಲದ ಬಟ್ಟೆ ತೊಟ್ಟಿದ್ದಾರೆ. ಬರ್ನಿನಿ ಸಂತ ಪೀಟರನ ಚರ್ಚಿನೊಳಗೆ ತಿರುಚಿದ ಕಂಬಗಳ ಬೃಹತ್ ಕಂಚಿನ ಮಂಟಪ ಎಬ್ಬಿಸಿದ. ಅದನ್ನು ಮಾಡಿಸಿದ ಎಂಟನೆಯ ಅರ್ಬನ್ ಬಾರ್ಬೆರಿನಿ ಮನೆತನದವನು. ಆ ಮನೆತನದ ಲಾಂಛನವಾದ ಜೇನುನೊಣಗಳು ಮಂಟಪದ ಮೇಲೆ ಇಂದಿಗೂ ಕಾಣುತ್ತವೆ.

ರೋಮಿನವನು ಇಕ್ಕೇರಿಯಲ್ಲಿ

ಅರ್ಬನ್ ಪೋಪ್ ಆದದ್ದು 1623ರ ಆಗಸ್ಟ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ, ಮುಂದೆ ಈ ಪೋಪನ ಆಪ್ತವಲಯ ಸೇರಲಿದ್ದ ರೋಮಿನ ಶ್ರೀಮಂತನೊಬ್ಬ ನಮ್ಮ ಮಲೆನಾಡಿನಲ್ಲಿದ್ದ. ಅವನು ಪಿಯೆತ್ರೊ ದೆಲ್ಲಾ ವಾಲ್ಲೆ. 1614ರಲ್ಲಿ ವೆನಿಸಿನಿಂದ ಹೊರಟು ತುರ್ಕಿ, ಪರ್ಷಿಯಾ ಸುತ್ತಿ ಗೋವೆಗೆ ಬಂದಿದ್ದ. ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ, ನೋಡುವ ಕುತೂಹಲಕ್ಕೆಂದೇ ಹೊರಟ. ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ನಾಯಕನ ಆಸ್ಥಾನವಿದ್ದ ಇಕ್ಕೇರಿ.

ಘಟ್ಟದ ಮೇಲಿನ ಗುಡಿಯೊಂದರ ಜಗುಲಿಯಲ್ಲಿ ಹುಡುಗರು ನುಣುಪಾದ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಲೆಕ್ಕ ಬರೆಯುವುದನ್ನು ಅವನು ಮೆಚ್ಚಿ ವರ್ಣಿಸಿದ. ಇಕ್ಕೇರಿಯಲ್ಲಿ ಅಘೋರೇಶ್ವರನ ಮೂವತ್ತೆರಡು ತೋಳುಗಳ ಮೂರ್ತಿಯ ವಿಚಾರ ಬರೆದ. ಇಂದು ಗರ್ಭಗುಡಿಯಲ್ಲಿ ಉಳಿದಿರುವುದು ಅದರ ವಿಶಾಲವಾದ ಪೀಠ. ದೀಪ, ವಾದ್ಯ, ನರ್ತಕಿಯರೊಂದಿಗೆ ರಾತ್ರಿ ಹೊರಟ ದೇವರ ಉತ್ಸವವನ್ನು ವಿವರವಾಗಿ ದಾಖಲಿಸಿದ. ಸಹಗಮನಕ್ಕೆ ಹೊರಟ ಜಕ್ಕಮ್ಮ ಎಂಬ ಹೆಂಗಸನ್ನು ಕಂಡು, ಬೇಡವೆಂದು ಹೇಳಿ ಸೋತ. ಮೂರ್ತಿಪೂಜೆ ಎಂದು ಅವನು ಮೂಗು ಮುರಿದದ್ದುಂಟು. ಆದರೆ ಮೂರ್ತಿ ಒಡೆಯುವವರ ಎದುರು ಮೂರ್ತಿಯನ್ನು ಸಮರ್ಥಿಸಿಕೊಂಡ ಚರ್ಚಿನವನು ಅವನು. ಮೆರವಣಿಗೆ ಹೇಗೆ ಜನರ ಮನಸ್ಸನ್ನು ಹಿಡಿಯುತ್ತದೆ ಎಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. 1624ರ ಆರಂಭದಲ್ಲಿ ಗೋವೆಯಲ್ಲಿ ಹೊಸ ಸಂತರಾದ ಇಗ್ನೇಷಿಯಸ್ ಮತ್ತು ಕ್ಸೇವಿಯರರ ಉತ್ಸವವನ್ನೂ ಅವನು ಅಷ್ಟೇ ಆಸಕ್ತಿಯಿಂದ ಬಣ್ಣಿಸಿದ.

ಅವನ ಕಣ್ಣಿಗೆ ರಾಜಕಾರಣವೂ ಬಿತ್ತು. ವೆಂಕಟಪ್ಪ ನಾಯಕ ಲಿಂಗವಂತ ಎಂದೂ, ಅವನ ಹಿರಿಯರು ವಿಜಯನಗರದ ಅಧೀನರಾಗಿದ್ದು ಆಮೇಲೆ ಸ್ವತಂತ್ರರಾದರು ಎಂದೂ ಗುರುತಿಸಿದ. ಆ ನಾಯಕ ವೀರಶೈವನಾಗಿದ್ದೂ ಶೃಂಗೇರಿ ಮಠಕ್ಕೆ ನೆರವಾದವನು. ಹೊಸದಾಗಿ ಬೆಳೆದ ಅಧಿಕಾರಕ್ಕೆ ಒಂದಕ್ಕಿಂತ ಹೆಚ್ಚು ಕಡೆಯ ಹರಕೆ ಬೇಕಿತ್ತು. ಪೋರ್ಚುಗೀಸರಿಗೆ ಬೇಕಿದ್ದದ್ದು ಕಾಳುಮೆಣಸು, ಜೊತೆಗೆ ಮಂಗಳೂರಿನ ಬಂಗ ಅರಸನಿಗೂ ನಾಯಕನಿಗೂ ಇದ್ದ ಜಗಳಕ್ಕೆ ಒಂದು ಇತ್ಯರ್ಥ. ಹಿಂದಿನ ವರ್ಷವಷ್ಟೇ ಪರ್ಷಿಯಾ ಕಡೆಯ ಹೋರ್ಮುಜ್ ನೆಲೆಯನ್ನು ಕಳೆದುಕೊಂಡಿದ್ದ ಅವರಿಗೆ ಇಕ್ಕೇರಿಯಲ್ಲಿ ಬಿಗುವಾಗಿ ಮಾತಾಡುವ ಬಲವಿರಲಿಲ್ಲ.

ಚರ್ಚಿಗೆ ಜಾಗ

1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಅಲ್ಲಿಗೆ ಸಂಬಂಧ ಮುಗಿಯಲಿಲ್ಲ. ಕೆಳದಿಗೆ ಸಮುದ್ರ ವ್ಯಾಪಾರ ಬೇಕಿತ್ತು, ಗೋವೆಗೆ ಅಕ್ಕಿ ಬೇಕಿತ್ತು. ರಾಣಿ ಚೆನ್ನಮ್ಮ ಆಳುತ್ತಿದ್ದಾಗ, 1678ರಲ್ಲಿ ಆದ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಅನುಮತಿ ಸಿಕ್ಕಿತು. ಲಿಂಗಾಯತ ಅರಸು ಮನೆತನದ ನೆಲದಲ್ಲಿ, ಗೋವೆಯ ಬೆಂಬಲದಿಂದ, ರೋಮಿನ ಹರಕೆಯ ಚರ್ಚು. ಅದಕ್ಕೆ ನಂಬಿಕೆಗಳು ಒಂದಾಗಬೇಕಿರಲಿಲ್ಲ. ಲೆಕ್ಕ ಕೂಡಿದರೆ ಸಾಕಿತ್ತು.